ಮೊದಲು ಚೀಟಿ ಕೇಳಿ

ಯಾದಗಿರಿ ಜಿಲ್ಲೆಯ ನಮ್ಮ ಹತ್ತಿಕುಣಿಯಿಂದ ಗುಳೆ ಹೊರಟವರ ಕೈಚೀಲದಲ್ಲಿ ಏನೇನಿರುತ್ತದೆಂದು ನಾನು ಕಣ್ಣು ಮುಚ್ಚಿ ಹೇಳಬಲ್ಲೆ. ಎರಡು ಜೊತೆ ಬಟ್ಟೆ, ಅರಿವೆಯಲ್ಲಿ ಕಟ್ಟಿದ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಡಬ್ಬಿ, ಆಧಾರ್ ಕಾರ್ಡಿನ ನಾಲ್ಕಾರು ಝೆರಾಕ್ಸು. ಮೈಯಲ್ಲಿ ಬೇನೆಯಿದ್ದರೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟ ದವಾಖಾನೆಯ ಚೀಟಿ. ಡ್ಯಾಮಿನ ನೀರು ಹರಿಯುವ ಹೊಲದವರು ಹೇಗೋ ಊರಲ್ಲಿ ಉಳಿಯುತ್ತಾರೆ. ಉಳಿದವರು ತೊಗರಿ, ಹತ್ತಿ ಕೈಕೊಟ್ಟ ವರ್ಷ ಬೆಂಗಳೂರಿಗೋ ಹೈದರಾಬಾದಿಗೋ ಪುಣೆಗೋ ಬಸ್ಸು ಹತ್ತುತ್ತಾರೆ. ನಾನು ಈಗ ಮಾತಾಡಬೇಕಾಗಿರುವುದು ಆ ಚೀಟಿಯ ಬಗ್ಗೆ.

ನನ್ನ ಕಾಕಾನ ಮಗ ಹಾಗೆ ಹೋದವನು. ದೂರದ ಶಹರದಲ್ಲಿ ಒಂದು ದೊಡ್ಡ ಕಟ್ಟಡದ ಕೆಲಸ, ಸೆಂಟ್ರಿಂಗ್. ಎರಡು ವರ್ಷ ಸಿಮೆಂಟಿನ ಧೂಳು ಕುಡಿದ ಮೇಲೆ ಒಣಕೆಮ್ಮು ಹತ್ತಿಕೊಂಡಿತು. ಹಬ್ಬಕ್ಕೆ ಊರಿಗೆ ಬಂದಾಗ ಡಾಕ್ಟರಿಗೆ ತೋರಿಸಿದೆವು. ರಾತ್ರಿಯಿಡೀ ನಿದ್ದೆ ಕೆಡಿಸುವ ಕೆಮ್ಮು ನೋಡಿ ಅವರು ಕೊಡೀನ್ ಇರುವ ಸಿರಪ್ ಬರೆದುಕೊಟ್ಟರು. ಎಷ್ಟು ದಿನ, ಎಷ್ಟು ಚಮಚ ಎಂದು ಬಿಡಿಸಿ ಹೇಳಿದರು. ಕೆಲಸಕ್ಕೆ ಮರಳಿದ ಮೂರನೆಯ ದಿನ ಗೇಟಿನಲ್ಲಿ ಎಲ್ಲರ ಕೈಗೂ ಒಂದೊಂದು ಪ್ಲಾಸ್ಟಿಕ್ ಬಟ್ಟಲು ಕೊಟ್ಟು ಮೂತ್ರ ಹಿಡಿದು ತರಲು ಹೇಳಿದರಂತೆ. ಅದರಲ್ಲಿ ಒಂದು ಪಟ್ಟಿ ಅದ್ದಿದರು. ಆ ಪಟ್ಟಿಯ ಲೆಕ್ಕ ತಿರುಗಾಮುರುಗಾ: ಗೆರೆ ಮೂಡಿದರೆ ಮನುಷ್ಯ ಪಾರು, ಮೂಡದಿದ್ದರೆ ಸಿಕ್ಕಿಬಿದ್ದ. ಇವನ ಪಟ್ಟಿಯಲ್ಲಿ ಒಂದು ಗೆರೆ ಮೂಡಲಿಲ್ಲ.

"ಸಾಹೇಬ್ರ, ಅದು ಕೆಮ್ಮಿನ ಔಷಧರೀ. ಡಾಕ್ಟ್ರ ಚೀಟಿ ಐತ್ರಿ, ರೂಮಿನಾಗ ಐತಿ, ಓಡಿ ಹೋಗಿ ತರ್ತೀನ್ರಿ" ಅಂದ. ಗುತ್ತೇದಾರ ಅಂದದ್ದು ಇಷ್ಟೇ: "ನಾಳಿಂದ ಬರಬ್ಯಾಡ." ಇವನು ರೂಮಿಗೆ ಓಡಿ ಚೀಟಿ ತಂದ. ಗೇಟಿನವನು ಒಳಗೆ ಬಿಡಲಿಲ್ಲ. ಬಾಕಿ ಇದ್ದ ಪಗಾರ ಹಾಗೇ ಹೋಯಿತು. ಅವನು ಊರು ತಲುಪುವ ಮೊದಲೇ ಸುದ್ದಿ ತಲುಪಿತ್ತು: ಗಾಂಜಾ ಸೇದಿ ಸಿಕ್ಕಿಬಿದ್ದಾನಂತ. ಕೆಮ್ಮಿನ ಸಿರಪ್ಪು ಬಾಯಿಂದ ಬಾಯಿಗೆ ಹೋಗುತ್ತ ಗಾಂಜಾ ಆಯಿತು. ಹೆಣ್ಣು ಕೊಡುತ್ತೇವೆಂದು ಮಾತು ತೆಗೆದಿದ್ದವರು ಸುಮ್ಮನಾದರು.

ಆ ಪಟ್ಟಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ಗುತ್ತೇದಾರನಿಗೆ ಯಾರೂ ತಿಳಿಸಿಲ್ಲ. ಕೊಡೀನ್ ದೇಹದೊಳಗೆ ಹೋದ ಮೇಲೆ ಅದರ ಒಂದು ಪಾಲು ಮಾರ್ಫಿನ್ ಆಗುತ್ತದೆ. ಪಟ್ಟಿಗೆ ಕೆಮ್ಮಿನ ಔಷಧವೂ ಹೆರಾಯಿನ್ನೂ ಒಂದೇ ಮನೆತನ. ಇದು ಬೇರೆ, ಅದು ಬೇರೆ ಎಂದು ಬಿಡಿಸಿ ಹೇಳಬೇಕಾದರೆ ಪ್ರಯೋಗಾಲಯದ ದೊಡ್ಡ ಯಂತ್ರದಲ್ಲಿ ಎರಡನೆಯ ಪರೀಕ್ಷೆ ಆಗಬೇಕು. ಪಟ್ಟಿ ಎಂಬುದು ಅನುಮಾನದ ಮೊದಲ ಮೆಟ್ಟಿಲು. ನಮ್ಮ ಗೇಟುಗಳಲ್ಲಿ ಅದೇ ಕೊನೆಯ ತೀರ್ಪಾಗಿ ಕೂತಿದೆ.

ಗಾಂಜಾದ ವಿಷಯದಲ್ಲಿ ಈ ಅನ್ಯಾಯ ಇನ್ನೂ ಆಳ. ಆ ಗಿಡದಲ್ಲಿ ಮಂಪರು ತರುವ ಅಂಶ ಟಿಎಚ್‌ಸಿ. ಯಕೃತ್ತು ಅದನ್ನು ಒಡೆದು ಬೇರೊಂದು ಪದಾರ್ಥ ಮಾಡುತ್ತದೆ. ಆ ಪದಾರ್ಥಕ್ಕೆ ಮಂಪರು ತರುವ ಶಕ್ತಿಯಿಲ್ಲ. ಮೈಯ ಕೊಬ್ಬಿನಲ್ಲಿ ಅವಿತು ಕೂತ ಟಿಎಚ್‌ಸಿ ಸ್ವಲ್ಪ ಸ್ವಲ್ಪವಾಗಿ ಹೊರಬಂದು ಆ ಪದಾರ್ಥವಾಗಿ ಮೂತ್ರಕ್ಕೆ ಇಳಿಯುತ್ತದೆ. ಅಪರೂಪಕ್ಕೆ ತೆಗೆದುಕೊಂಡವರಲ್ಲಿ ಕೆಲವು ದಿನ, ದಿನಾ ತೆಗೆದುಕೊಳ್ಳುವವರಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳು ದಾಟಿಯೂ ಪಟ್ಟಿಗೆ ಸಿಗುವುದು ಅದೇ. ಸೋಮವಾರ ಬೆಳಿಗ್ಗೆ ನೆಟ್ಟಗೆ ನಿಂತು, ನೆಟ್ಟಗೆ ಮಾತಾಡುತ್ತ, ಕೈನಡುಗದೆ ಕೆಲಸ ಮಾಡುವವನ ಮೂತ್ರ ಹಿಂದಿನ ತಿಂಗಳ ಔಷಧಿಯ ಕಥೆ ಹೇಳುತ್ತದೆ. ಕುಡಿದವನ ಉಸಿರು ಈ ಹೊತ್ತಿನ ಅಮಲನ್ನು ತೋರಿಸುತ್ತದೆ. ಗಾಂಜಾದ ಮೂತ್ರಪರೀಕ್ಷೆ ಈ ಹೊತ್ತಿನ ಬಗ್ಗೆ ಏನನ್ನೂ ತೋರಿಸುವುದಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಮನುಷ್ಯನ ಅನ್ನ ಕಸಿಯುತ್ತಿದ್ದೇವೆ.

ವೈದ್ಯರು ಬರೆದುಕೊಡುವ ಗಾಂಜಾ ಎಂದರೆ ನಮ್ಮ ಕಡೆ ನಂಬುವವರು ಕಡಿಮೆ. ಅದಿದೆ. ಆಯುರ್ವೇದದಲ್ಲಿ ಈ ಗಿಡದ ಹೆಸರು ವಿಜಯಾ. ದೇಶದ ಔಷಧ ನಿಯಮಗಳ ಇ-1 ಅನುಸೂಚಿಯಲ್ಲಿ ಭಂಗಾ ಎಂಬ ಹೆಸರಿನಲ್ಲಿ ಅದು ದತ್ತೂರಿ, ವತ್ಸನಾಭಿಗಳ ಜೊತೆ ಕೂತಿದೆ. ವಿಷದ ಗುಣವಿರುವ ಮೂಲಿಕೆ, ವೈದ್ಯರ ಕಣ್ಗಾವಲಿನಲ್ಲೇ ತೆಗೆದುಕೊಳ್ಳಬೇಕು ಎಂಬ ಎಚ್ಚರಿಕೆಯೊಂದಿಗೆ. 1985ರ ಮಾದಕ ವಸ್ತು ಕಾಯ್ದೆ ಗಾಂಜಾ ಎಂದು ಕರೆಯುವುದು ಗಿಡದ ಹೂತೆನೆಯನ್ನು. ತೆನೆ ಕೂಡಿರದ ಎಲೆ, ಬೀಜಗಳು ಆ ವ್ಯಾಖ್ಯೆಯ ಹೊರಗೆ. ಎಲೆಯ ಔಷಧಿಗೆ ದಾರಿ ಉಳಿದಿರುವುದು ಅಲ್ಲಿಂದ. 2020ರಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ವಿಜಯಾ ಔಷಧಿ ಕೊಡುವ ಚಿಕಿತ್ಸಾಲಯ ತೆರೆದಾಗ ಅದು ದೊಡ್ಡ ಸುದ್ದಿಯಾಗಿತ್ತು. ನಮ್ಮ ಜನ ದುಡಿಯಲು ಹೋಗುವ ಶಹರ ಅದೇ. ಎಲೆಯಲ್ಲೂ ಟಿಎಚ್‌ಸಿ ಇರುತ್ತದೆ. ಕಾನೂನು ಒಪ್ಪಿದ ಎಣ್ಣೆಯ ನಾಲ್ಕು ಹನಿ ನಾಲಗೆಯ ಕೆಳಗೆ ಬಿಟ್ಟುಕೊಂಡವನನ್ನೂ ಸಂದಿಯಲ್ಲಿ ಚಿಲುಮೆ ಸೇದಿದವನನ್ನೂ ಗೇಟಿನ ಪಟ್ಟಿ ಬೇರೆ ಮಾಡಲಾರದು. ಬೇರೆ ಮಾಡುವುದು ಚೀಟಿಯೊಂದೇ.

ಈ ಗಿಡ ಸರ್ವರೋಗಕ್ಕೂ ಮದ್ದು ಎಂದು ನಾನು ಹೇಳುತ್ತಿಲ್ಲ. ಹಾಗೆ ಮಾರುವವರನ್ನು ನಂಬಬೇಡಿ. ಮಕ್ಕಳ ಕೆಲವು ಕಠಿಣ ಮೂರ್ಛೆರೋಗಗಳಲ್ಲಿ, ಕ್ಯಾನ್ಸರ್ ಚಿಕಿತ್ಸೆಯ ವಾಂತಿಯಲ್ಲಿ, ನರಗಳ ಕವಚ ಸವೆದು ಸ್ನಾಯು ಬಿಗಿಯುವ ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಇದರಿಂದ ತೆಗೆದ ಔಷಧಿಗಳು ಕೆಲಸ ಮಾಡುತ್ತವೆಂದು ವಿಜ್ಞಾನ ಒಪ್ಪಿದೆ. ಮಿಕ್ಕ ಬೇನೆಗಳಲ್ಲಿ ವಾದ ಇನ್ನೂ ನಡೆದಿದೆ. ಆ ವಾದ ವೈದ್ಯರಿಗೆ ಬಿಟ್ಟದ್ದು. ಯಾವ ರೋಗಿಗೆ ಯಾವ ಔಷಧಿ ಎಂದು ತೀರ್ಮಾನಿಸುವ ಅಧಿಕಾರ ಗೇಟಿನಲ್ಲಿ ಬಟ್ಟಲು ಹಿಡಿದು ನಿಂತವನಿಗೆ ಯಾರು ಕೊಟ್ಟರು?

ನಮ್ಮ ನೆಲದಲ್ಲಿ ಈ ಗಿಡದ ಹೆಸರೆತ್ತಿದರೆ ಜನ ತಟಕ್ಕನೆ ಹಿಂದೆ ಸರಿಯುವುದಕ್ಕೆ ಕಾರಣವಿದೆ. ಸುರಪುರ ತಾಲ್ಲೂಕಿನ ತಿಂಥಣಿಯಲ್ಲಿ ಕೃಷ್ಣೆಯ ದಂಡೆಗೆ ಮೌನೇಶ್ವರನ ಗುಡಿಯಿದೆ. ಹಿಂದೂಗಳೂ ಮುಸಲ್ಮಾನರೂ ಒಂದೇ ಮನಸ್ಸಿನಿಂದ ನಡೆದುಕೊಳ್ಳುವ ದೇವರು. ಅಲ್ಲಿಯ ಜಾತ್ರೆಯಲ್ಲಿ ಭಕ್ತರು ಗಾಂಜಾವನ್ನು ಪ್ರಸಾದವೆಂದು ಸ್ವೀಕರಿಸುವುದನ್ನು 2020ರಲ್ಲಿ ಪತ್ರಿಕೆಗಳು ದೇಶಕ್ಕೆಲ್ಲ ಸಾರಿದವು. ಆರೂಢರ, ಅವಧೂತರ ಹಾದಿಯಲ್ಲಿ ಅದನ್ನು ಧ್ಯಾನದ ಜೊತೆಗಾರನೆಂದು ಕಂಡವರಿದ್ದಾರೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪಕ್ಕದ ಕಲಬುರಗಿ ಜಿಲ್ಲೆಯ ಕಾಳಗಿಯಲ್ಲಿ ಕುರಿದೊಡ್ಡಿಯ ನೆಲದಡಿ ಬಚ್ಚಿಟ್ಟಿದ್ದ 1,350 ಕಿಲೊ ಗಾಂಜಾವನ್ನು ಬೆಂಗಳೂರು ಪೊಲೀಸರು ಹಿಡಿದರು. ತೊಗರಿ, ಹತ್ತಿ ಸಾಲುಗಳ ನಡುವೆ ಗಿಡ ಸಿಕ್ಕಿತೆಂಬ ಸುದ್ದಿ ನಮ್ಮ ಜಿಲ್ಲೆಯ ಪತ್ರಿಕೆ ಓದುವವರಿಗೆ ಹೊಸದಲ್ಲ. ಹೀಗಾಗಿ ಯಾದಗಿರಿ ಕಡೆಯ ಹುಡುಗ ಎಂದರೆ ಸಾಕು, ಪಟ್ಟಿ ಅದ್ದುವ ಮೊದಲೇ ಕೆಲವರ ಮನಸ್ಸಿನಲ್ಲಿ ಗೆರೆ ಅಳಿಸಿಹೋಗಿರುತ್ತದೆ. ಸಾಗಣೆ ಮಾಡುವವರ ಪರವಾಗಿ ನನ್ನ ಬಳಿ ಒಂದು ಮಾತೂ ಇಲ್ಲ. ಅವರ ಪಾಪದ ಹೊರೆಯನ್ನು ರೋಗಿಯ ತಲೆಗೆ ಕಟ್ಟಬೇಡಿ ಎಂದಷ್ಟೇ ಕೇಳುತ್ತಿದ್ದೇನೆ.

ಈಗ ಕಾನೂನಿನ ಕಡೆ ನೋಡಿ. 1985ರ ಅದೇ ಕಠಿಣ ಕಾಯ್ದೆಯ 8ನೆಯ ಕಲಮು ಎಲ್ಲವನ್ನೂ ನಿಷೇಧಿಸುವಾಗಲೂ ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಕ್ಕೆ ಬಾಗಿಲು ತೆರೆದಿಟ್ಟಿದೆ. 2014ರಲ್ಲಿ ಸಂಸತ್ತು ಅದನ್ನು ತಿದ್ದಿ ಮಾರ್ಫಿನ್‌ನಂಥ ಅಗತ್ಯ ಔಷಧಿಗಳು ಕ್ಯಾನ್ಸರ್ ರೋಗಿಗಳಿಗೆ ಸುಲಭವಾಗಿ ಸಿಗುವಂತೆ ಮಾಡಿತು. ನೋವಿನಲ್ಲಿ ನರಳುವವನನ್ನು ಅಪರಾಧಿಯ ಸಾಲಿನಿಂದ ಬೇರೆ ನಿಲ್ಲಿಸಬೇಕೆಂದು ಇಂಥ ಬಿಗಿಯಾದ ಕಾಯ್ದೆಗೇ ಅನ್ನಿಸಿರುವಾಗ, ಒಂದು ಕಂಪನಿಯ ಗೇಟಿಗೆ ಅದಕ್ಕಿಂತ ಹೆಚ್ಚಿನ ಬಿಗಿ ಎಲ್ಲಿಂದ ಬಂತು?

ಮೋಟಾರು ವಾಹನ ಕಾಯ್ದೆಯ 185ನೆಯ ಕಲಮನ್ನು ನಮ್ಮ ಪ್ರತಿ ಚಾಲಕನೂ ಬಲ್ಲ. ಹೆಂಡಕ್ಕೆ ಅಲ್ಲಿ ಅಂಕಿಯಿದೆ: 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಬಾರದು. ಮಾದಕ ಔಷಧಿಗೆ ಅಂಕಿಯಿಲ್ಲ. ವಾಹನದ ಮೇಲೆ ಸರಿಯಾದ ಹತೋಟಿ ಇಟ್ಟುಕೊಳ್ಳಲಾಗದಷ್ಟು ಅದರ ಪ್ರಭಾವಕ್ಕೆ ಸಿಕ್ಕಿರಬೇಕು ಎಂಬುದು ಅಳತೆ. ಎಂದರೆ ಕಾನೂನು ಕೇಳುವ ಪ್ರಶ್ನೆ, ಈ ಮನುಷ್ಯ ಈಗ ಕೆಲಸಕ್ಕೆ ಸಮರ್ಥನೋ ಅಲ್ಲವೋ ಎಂಬುದು. ಹೆದ್ದಾರಿಯಲ್ಲಿ ಹತ್ತು ಚಕ್ರದ ಲಾರಿ ಓಡಿಸುವವನಿಗೆ ಸಲ್ಲುವ ಈ ನ್ಯಾಯ, ನೆಲದ ಮೇಲೆ ಕೂತು ಕಬ್ಬಿಣದ ಸರಳು ಬಾಗಿಸುವವನಿಗೆ ಸಲ್ಲಬಾರದೆ?

ವಿಮಾನ ಹಾರಿಸುವವರನ್ನು ನೋಡಿ. 2022ರ ಜನವರಿ 31ರಿಂದ ನಾಗರಿಕ ವಿಮಾನಯಾನ ನಿರ್ದೇಶನಾಲಯದ ನಿಯಮದಂತೆ ಪೈಲಟ್ಟುಗಳಿಗೂ ವಿಮಾನ ಸಂಚಾರ ನಿಯಂತ್ರಕರಿಗೂ ಹಠಾತ್ ಮಾದಕ ಪರೀಕ್ಷೆ ನಡೆಯುತ್ತದೆ. ಆ ಪರೀಕ್ಷೆ ಹುಡುಕುವ ವಸ್ತುಗಳಲ್ಲಿ ಗಾಂಜಾವೂ ಒಂದು. ನೂರಾರು ಜೀವ ಕೈಯಲ್ಲಿ ಹಿಡಿದವರು ಅವರು, ಪರೀಕ್ಷೆ ಬೇಕು. ಆದರೆ ಮೊದಲ ಪರೀಕ್ಷೆಯಲ್ಲಿ ಅನುಮಾನ ಬಂದರೆ ಅವರನ್ನು ಕೆಲಸದಿಂದ ತಾತ್ಕಾಲಿಕವಾಗಿ ಇಳಿಸಿ, ದೃಢೀಕರಿಸುವ ಎರಡನೆಯ ಪರೀಕ್ಷೆಗೆ ಕಾಯುತ್ತಾರೆ. ಅದೂ ಖಚಿತವಾದರೆ ಮೊದಲ ಸಲ ಚಿಕಿತ್ಸೆಗೆ ಕಳಿಸಿ ಮರಳಿ ಬರುವ ದಾರಿ ಇಡುತ್ತಾರೆ. ಪೈಲಟ್ಟಿಗೆ ಎರಡನೆಯ ಪರೀಕ್ಷೆಯಿದೆ, ಚಿಕಿತ್ಸೆಯಿದೆ, ಮರಳುವ ದಾರಿಯಿದೆ. ನನ್ನ ಕಾಕಾನ ಮಗನಿಗೆ ರೂಮಿಗೆ ಹೋಗಿ ಚೀಟಿ ತರುವಷ್ಟು ಹೊತ್ತೂ ಇರಲಿಲ್ಲ. ಇದನ್ನು ಬರೆಯುವಾಗ ನನ್ನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ.

ಖಾಸಗಿ ಕಂಪನಿ ತನ್ನ ಕೆಲಸಗಾರರ ಮೂತ್ರ ಯಾವಾಗ ಕೇಳಬಹುದು, ಕೇಳಿದರೆ ಹೇಗೆ ನಡೆದುಕೊಳ್ಳಬೇಕು, ಔಷಧಿಯ ಚೀಟಿ ಇರುವವನಿಗೆ ಏನು ರಕ್ಷಣೆ ಎಂದು ಹೇಳುವ ನೇರ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಆ ಖಾಲಿ ಜಾಗದಲ್ಲಿ ಗುತ್ತೇದಾರನ ಬಾಯಿಮಾತೇ ಕಾನೂನಾಗಿದೆ. ಆದರೆ ಕಟ್ಟಲು ಬೇಕಾದ ಕಲ್ಲುಗಳು ನಮ್ಮ ಅಂಗಳದಲ್ಲೇ ಬಿದ್ದಿವೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಹೇಳಿದ ಪ್ರಕರಣಕ್ಕೆ ಹೆಸರು ಕೊಟ್ಟವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದಕ್ಕೂ ಏಳು ವರ್ಷ ಮೊದಲು, 2010ರಲ್ಲಿ, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, ಮನುಷ್ಯನ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ಮಾಡುವಂತಿಲ್ಲ ಎಂದು ಅದೇ ನ್ಯಾಯಾಲಯ ಪೊಲೀಸರ ಕೈ ಕಟ್ಟಿತ್ತು. ಅದು ಪೊಲೀಸ್ ತನಿಖೆಯ ಮಾತು, ಕಾರ್ಖಾನೆಯದಲ್ಲ, ನಿಜ. ಆದರೂ ಮೈಯೊಳಗಿನ ಗುಟ್ಟು ಮೈಯ ಒಡೆಯನದು ಎಂಬ ಬೇರು ಒಂದೇ. 2017ರ ಎಚ್‌ಐವಿ ಕಾಯ್ದೆ ಇನ್ನೂ ನೇರವಾಗಿದೆ. ಕೆಲಸ ಕೊಡಲು ಎಚ್‌ಐವಿ ಪರೀಕ್ಷೆಯ ಷರತ್ತು ಹಾಕುವುದನ್ನು ಅದು ತಾರತಮ್ಯ ಎಂದು ಕರೆದು ನಿಷೇಧಿಸಿತು. ಆ ರೋಗದ ಹೆಸರು ಕೇಳಿದರೆ ಓಣಿಯ ಜನ ಬಾಗಿಲು ಹಾಕಿಕೊಳ್ಳುತ್ತಿದ್ದ ಕಾಲ ನಮಗೆಲ್ಲ ನೆನಪಿದೆ. ಭಯಕ್ಕಿಂತ ಮನುಷ್ಯ ದೊಡ್ಡವನು ಎಂದು ಸಂಸತ್ತು ಅಂದು ಹೇಳಲು ಸಾಧ್ಯವಾಯಿತು.

ಹೊರದೇಶದಲ್ಲೂ ಇದು ಸುಲಭವಾಗಿ ಗೆದ್ದ ಹೋರಾಟವಲ್ಲ. ಅಮೆರಿಕದ ಕೊಲೊರಾಡೊದಲ್ಲಿ ಗಾಲಿಕುರ್ಚಿಯಲ್ಲಿ ಕೂತು ಫೋನ್ ಉತ್ತರಿಸುತ್ತಿದ್ದ ನೌಕರನೊಬ್ಬ, ಆ ರಾಜ್ಯವೇ ಅನುಮತಿಸಿದ್ದ ವೈದ್ಯಕೀಯ ಗಾಂಜಾವನ್ನು ಮನೆಯಲ್ಲಿ ತೆಗೆದುಕೊಂಡಿದ್ದಕ್ಕೆ ಕೆಲಸ ಕಳೆದುಕೊಂಡ. 2015ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟಿನಲ್ಲೂ ಸೋತ. ಮ್ಯಾಸಚೂಸೆಟ್ಸ್‌ನಲ್ಲಿ ಕರುಳಿನ ಕಾಯಿಲೆಯ ಮಹಿಳೆಯೊಬ್ಬಳು ಅಂಥದೇ ಕಾರಣಕ್ಕೆ ಕೆಲಸ ಕಳೆದುಕೊಂಡು ಕೋರ್ಟಿಗೆ ಹೋಗಿದ್ದಳು. ಕೊಲೊರಾಡೊ ತೀರ್ಪಿನ ಎರಡು ವರ್ಷದ ನಂತರ ಅಲ್ಲಿಯ ನ್ಯಾಯಾಲಯ, ಅವಳ ಅಂಗವೈಕಲ್ಯದ ಹಕ್ಕಿನ ದಾವೆ ನಡೆಯಲಿ, ಮಾಲೀಕ ಮೊದಲು ಅವಳೊಂದಿಗೆ ಕೂತು ಮಾತಾಡಬೇಕಿತ್ತು ಎಂದಿತು. ಕ್ಯಾಲಿಫೋರ್ನಿಯಾದಲ್ಲಿ 2024ರ ಜನವರಿ 1ರಿಂದ, ನಾನು ಮೇಲೆ ಹೇಳಿದ ಆ ಮಂಪರಿಲ್ಲದ ಉಳಿಕೆಯೊಂದನ್ನೇ ಹಿಡಿದುಕೊಂಡು ಬಹುಪಾಲು ಕೆಲಸಗಳಲ್ಲಿ ಯಾರನ್ನೂ ತೆಗೆಯುವಂತಿಲ್ಲ. ನಮ್ಮ ದೇಶವೂ ಸುಮ್ಮನೆ ಕೂತಿಲ್ಲ: 2020ರ ಡಿಸೆಂಬರಿನಲ್ಲಿ ಗಾಂಜಾವನ್ನು ಅತ್ಯಂತ ಅಪಾಯಕಾರಿ ವಸ್ತುಗಳ ಅನುಸೂಚಿಯಿಂದ ಕೈಬಿಡುವ ಪ್ರಸ್ತಾವ ವಿಯೆನ್ನಾದ ವಿಶ್ವಸಂಸ್ಥೆ ಆಯೋಗದ ಮುಂದೆ ಬಂದಾಗ, 27ಕ್ಕೆ 25ರ ಆ ಬಿಗಿ ಮತದಾನದಲ್ಲಿ ಭಾರತ ಪರವಾಗಿ ಕೈ ಎತ್ತಿತು. ವಿಯೆನ್ನಾದಲ್ಲಿ ಎತ್ತಿದ ಕೈ ಯಾದಗಿರಿಯ ಗೇಟಿನಲ್ಲಿ ಯಾಕೆ ಇಳಿಯಬೇಕು?

ನಮ್ಮ ಜಿಲ್ಲೆಯ ಕಡೇಚೂರು-ಬಾಡಿಯಾಳದ ಕಾರ್ಖಾನೆಗಳ ಆಡಳಿತದವರೇ, ನಿಮ್ಮ ಆತಂಕ ನನಗೆ ತಿಳಿಯುತ್ತದೆ. ರಾಸಾಯನಿಕದ ಟ್ಯಾಂಕಿನ ಹತ್ತಿರ ತೂಕಡಿಸುವವನು ತನ್ನೊಂದಿಗೆ ಹತ್ತು ಜನರ ಜೀವ ತೆಗೆಯಬಹುದು. ಔಷಧಿಯ ಮಂಪರಿನಲ್ಲಿರುವವನನ್ನು ಅಲ್ಲಿ ನಿಲ್ಲಿಸಿ ಎಂದು ಯಾರೂ ಕೇಳುವುದಿಲ್ಲ. ಕೆಮ್ಮಿನ ಸಿರಪ್ ಕುಡಿದು ಹನ್ನೆರಡನೆಯ ಮಹಡಿ ಹತ್ತಬಾರದು ಎಂದು ನಮ್ಮ ಹುಡುಗನಿಗೆ ನಾವೂ ಹೇಳಬೇಕಿತ್ತು. ಹೇಳಲಿಲ್ಲ, ಅದು ನಮ್ಮ ತಪ್ಪು. ಔಷಧಿ ಮುಗಿಯುವವರೆಗೆ ಅವನನ್ನು ಕೆಳಗೆ ಕೂರಿಸಿ ಸರಳು ಕಟ್ಟಲು ಹಚ್ಚಿದ್ದರೆ ಯಾರ ಜೀವಕ್ಕೂ ಅಪಾಯವಿರಲಿಲ್ಲ, ಯಾರ ಅನ್ನವೂ ಹೋಗುತ್ತಿರಲಿಲ್ಲ. ಪಟ್ಟಿ ಅದ್ದುವ ಮೊದಲು ಎಲ್ಲರನ್ನೂ ಕೇಳಿ, ಏನಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ ಎಂದು. ಹೇಳಿದ್ದನ್ನು ಮೇಸ್ತ್ರಿಗೆ ಕೇಳಿಸುವಂತೆ ಕೂಗಬೇಡಿ, ಡಾಕ್ಟರೊಬ್ಬರ ಕಿವಿಯಲ್ಲಿ ಇರಲಿ. ಎರಡನೆಯ ಪರೀಕ್ಷೆ ಬರುವವರೆಗೆ ಪಗಾರ ಹಿಡಿಯಬೇಡಿ. ನಿಮ್ಮ ಯಂತ್ರವೊಂದು ಕೆಟ್ಟರೆ ಬಿಚ್ಚಿ ನೋಡದೆ ಗುಜರಿಗೆ ಹಾಕುವುದಿಲ್ಲವಲ್ಲ.

ಡಾಕ್ಟರ್ ಸಾಹೇಬರೇ, ಚೀಟಿ ಬರೆಯುವಾಗ ಇನ್ನೊಂದು ಸಾಲು ಬರೆಯಿರಿ. ಈ ಔಷಧಿ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳಬಹುದು, ಇಷ್ಟು ದಿನ ಎತ್ತರದ ಕೆಲಸ ಬೇಡ ಎಂದು. ಓದಲು ಬರುವ ಅಕ್ಷರದಲ್ಲಿ, ಸಾಧ್ಯವಾದರೆ ಕನ್ನಡದಲ್ಲೂ. ನಿಮಗೆ ಅರ್ಧ ನಿಮಿಷದ ಕೆಲಸ. ಓದಲು ಬಾರದ ರೋಗಿಗೆ ಅದೇ ವಕೀಲ.

ಕಾರ್ಮಿಕ ಸಂಘದ ಅಣ್ಣಂದಿರೇ, ಬೋನಸ್ಸು, ಓವರ್‌ಟೈಮು ಕೇಳುವ ಪತ್ರದಲ್ಲಿ ಈ ಬೇಡಿಕೆಯನ್ನೂ ಸೇರಿಸಿ. ಗಾಂಜಾ ಎಂಬ ಪದ ಪತ್ರದಲ್ಲಿ ಬಂದರೆ ಹೆಸರು ಕೆಡುತ್ತದೆಂದು ಹಿಂಜರಿಯಬೇಡಿ. ನೀವು ಹಿಂಜರಿದ ಜಾಗದಲ್ಲೇ ನಿಮ್ಮ ಒಬ್ಬ ಸದಸ್ಯ ಬೀದಿಗೆ ಬೀಳುತ್ತಾನೆ. ವಿಚಾರಣೆಯಿಲ್ಲದೆ ತೆಗೆದರೆ ಕಾರ್ಮಿಕ ಇಲಾಖೆಯ ಅಧಿಕಾರಿಯ ಮೇಜಿನ ಮೇಲೆ ಅರ್ಜಿ ಇಡಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಬಾಗಿಲು ಬಡಿಯಿರಿ. ಬಡವರಿಗೆ ಅಲ್ಲಿ ವಕೀಲರು ಪುಕ್ಕಟೆ ಸಿಗುತ್ತಾರೆ. ನಮ್ಮ ಶಾಸಕರೂ ಸಂಸದರೂ ಗುಳೆ ಹೋಗುವವರ ಮತ ಪಡೆದೇ ಸದನ ಹತ್ತಿದವರು. ಖಾಸಗಿ ಕೆಲಸದ ಜಾಗದ ಮಾದಕ ಪರೀಕ್ಷೆಗೆ ಒಂದು ನಿಯಮ ಬೇಕು ಎಂದು ಅವರು ಸದನದಲ್ಲಿ ಒಮ್ಮೆ ಎದ್ದು ನಿಂತು ಕೇಳಲಿ.

ಹತ್ತಿಕುಣಿಯ ನನ್ನ ಜನರೇ, ನಿಮಗೂ ಒಂದು ಮಾತು. ಬಸ್ಸಿನಿಂದ ಮುಖ ಸಣ್ಣದು ಮಾಡಿಕೊಂಡು ಇಳಿದವನನ್ನು ಕಟ್ಟೆಯ ಮೇಲೆ ಕೂತು ಅಳೆಯಬೇಡಿ. ಏನಾಯ್ತಪ್ಪ ಎಂದು ಕೇಳಿ, ಅವನ ಮಾತು ಮುಗಿಯುವವರೆಗೆ ಕೂತುಕೊಳ್ಳಿ. ಗೇಟಿನವನು ಕಸಿದದ್ದು ಕೂಲಿ. ಮರ್ಯಾದೆ ಕಸಿದವರು ನಾವು.

ಕಾಕಾನ ಮಗ ಈಗ ಊರಲ್ಲೇ ಇದ್ದಾನೆ. ಹತ್ತಿ ಬಿಡಿಸುವ ಕಾಲದಲ್ಲಿ ಕೂಲಿ, ಉಳಿದ ದಿನ ಗೌಂಡಿಯ ಕೈಕೆಳಗೆ ಸಿಕ್ಕ ಕೆಲಸ. ಕೆಮ್ಮು ಹೋಗಿದೆ. ಇದನ್ನು ಬರೆಯಲೇ ಎಂದು ಕೇಳಲು ಮೊನ್ನೆ ಅವನ ಮನೆಗೆ ಹೋದಾಗ ಬರೀರಿ ಎಂದ, ಹೆಸರು ಬೇಡ ಎಂದ. ಆಮೇಲೆ ಟ್ರಂಕಿನಿಂದ ಆ ಪ್ಲಾಸ್ಟಿಕ್ ಹಾಳೆ ತೆಗೆದು ಬಿಚ್ಚಿದ. ಚೀಟಿ ಮಡಿಕೆಗಳಲ್ಲಿ ಹರಿದಿತ್ತು, ಶಾಯಿ ಅಲ್ಲಲ್ಲಿ ಮಾಸಿತ್ತು, ಡಾಕ್ಟರ ಮುದ್ರೆ ಮಾತ್ರ ನಿಚ್ಚಳವಾಗಿತ್ತು. ಇನ್ನೂ ಯಾಕೆ ಇಟ್ಟುಕೊಂಡಿದ್ದೀ ಎಂದೆ.

"ಯಾರರ ಕೇಳಿದ್ರ ತೋರಸಾಕ ಬೇಕಲ್ಲಣ್ಣ" ಅಂದ.